ರೇಷ್ಮೆ ಕ್ಯಾನ್ಸರ್ ವಾಸಿ ಮಾಡುತ್ತಾ? ಓದುಗರ ಪ್ರಶ್ನೆ, ನಮ್ಮ ಉತ್ತರ

'ರೇಷ್ಮೆ ಗೂಡಿನಿಂದ ಕ್ಯಾನ್ಸರ್‌ಗೆ ಔಷಧಿ ಸಿಕ್ಕಿತು' ಅನ್ನೋ ಸಂದೇಶ ವಾಟ್ಸಾಪ್‌ನಲ್ಲಿ ಸುತ್ತುತ್ತಿದೆ. ಅದನ್ನು ನಮಗೇ ಕಳಿಸಿ 'ಇದು ನಿಜಾನಾ?' ಎಂದು ಕೇಳಿದವರು ಜಾಸ್ತಿ. ಹಾಗಾಗಿ ಈ ಸಲ ಅಂಕಣ ಪೂರ್ತಿ ರೇಷ್ಮೆಗೇ. ಒಂದೇ ಥರದ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿದ್ದೇವೆ, ಹೆಸರು ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ನಮ್ಮದು ಶಿಡ್ಲಘಟ್ಟದ ಹತ್ತಿರ ಒಂದು ಹಳ್ಳಿ. ತಾತನ ಕಾಲದಿಂದ ಹುಳು ಸಾಕುತ್ತಿದ್ದೇವೆ. ರೇಷ್ಮೆಗೆ ಕ್ಯಾನ್ಸರ್ ಕೊಲ್ಲುವ ಶಕ್ತಿ ಇದೆ ಅಂತ ಮೆಸೇಜ್ ಬಂದಿದೆ. ಇಷ್ಟು ವರ್ಷ ನಾವು ಕೈಯಲ್ಲಿ ಹಿಡಿದ ಗೂಡಿನಲ್ಲಿ ಅಂಥದ್ದೇನಿದೆ ಸಾರ್?

ಉತ್ತರ: ಮೊದಲೇ ಹೇಳಿಬಿಡುತ್ತೇನೆ. ರೇಷ್ಮೆ ಕ್ಯಾನ್ಸರ್ ಕೊಲ್ಲುವುದಿಲ್ಲ. ಕೊಲ್ಲುವುದು ಔಷಧಿ, ಅದೂ ಆಸ್ಪತ್ರೆಗಳಲ್ಲಿ ಎಷ್ಟೋ ವರ್ಷಗಳಿಂದ ಕೊಡುತ್ತಿರುವ ಅದೇ ಕೀಮೋ ಔಷಧಿ. ರೇಷ್ಮೆ ಇಲ್ಲಿ ಬರೀ ಗಾಡಿ. ಔಷಧಿಯನ್ನು ಹೊತ್ತುಕೊಂಡು ಹೋಗಿ, ಇಳಿಸಬೇಕಾದ ಜಾಗದಲ್ಲಿ ಇಳಿಸುವುದು ಅದರ ಕೆಲಸ. ಮೆಸೇಜ್ ಬರೆದವರು ಗಾಡಿಯನ್ನೇ ಸರಕು ಮಾಡಿಬಿಟ್ಟಿದ್ದಾರೆ.

ಆದರೆ ಈ ಗಾಡಿಯಲ್ಲಿ ವಿಶೇಷ ಇರುವುದಂತೂ ಹೌದು. ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆಗೆ, ಅಂದರೆ ಬಿದಿರಿನ ತಟ್ಟೆಗೆ, ಬಿಟ್ಟ ಮೇಲೆ ಅದು ಬಿಡುವ ಎಳೆಯಲ್ಲಿ ಮುಖ್ಯವಾಗಿ ಎರಡು ಪ್ರೋಟೀನ್ ಇರುತ್ತವೆ. ಒಳಗೆ ಜೋಡಿ ಎಳೆಯಾಗಿ ಫೈಬ್ರಾಯಿನ್, ಅದರ ಸುತ್ತ ಅಂಟಾಗಿ ಸೆರಿಸಿನ್. ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ಫೈಬ್ರಾಯಿನ್, ಉಳಿದದ್ದರಲ್ಲಿ ಹೆಚ್ಚಿನದು ಸೆರಿಸಿನ್. ಬಿಸಿನೀರಿಗೆ ಗೂಡು ಹಾಕಿದಾಗ ಮೆತ್ತಗಾಗಿ ಎಳೆ ಬಿಟ್ಟುಕೊಡುತ್ತದಲ್ಲ, ಆ ಅಂಟೇ ಸೆರಿಸಿನ್. ಸಂಶೋಧಕರು ಹೆಚ್ಚಾಗಿ ಹಿಂದೆ ಬಿದ್ದಿರುವುದು ಫೈಬ್ರಾಯಿನ್‌ಗೆ. ಇದನ್ನು ನಮ್ಮ ಮೈ ಹೆಚ್ಚು ತಕರಾರಿಲ್ಲದೆ ಒಪ್ಪಿಕೊಳ್ಳುತ್ತದೆ, ಆಪರೇಷನ್ ಹೊಲಿಗೆಗೆ ರೇಷ್ಮೆ ದಾರ ಬಳಸಲು ಶುರುಮಾಡಿ ನೂರು ವರ್ಷ ಯಾವಾಗಲೋ ದಾಟಿದೆ. ಮೈಯೊಳಗಿನ ಎಂಜೈಮುಗಳು ಇದನ್ನು ನಿಧಾನಕ್ಕೆ ಅಮೈನೊ ಆಮ್ಲಗಳಾಗಿ ಒಡೆದು ಹಾಕುತ್ತವೆ, ಹಿಂದೆ ಕಸ ಉಳಿಯುವುದಿಲ್ಲ.

ಇನ್ನು ಔಷಧಿ ಹಿಡಿದುಕೊಳ್ಳುವ ಗುಣ. ಡಾಕ್ಸೊರುಬಿಸಿನ್ ಅಂತ ಒಂದು ಕೀಮೋ ಔಷಧಿ ಇದೆ, ಬಣ್ಣ ಕೆಂಪು. ಸ್ತನ ಕ್ಯಾನ್ಸರ್ ರೋಗಿಗಳ ಮನೆಯವರೆಲ್ಲ ಇದನ್ನು 'ಕೆಂಪು ಇಂಜೆಕ್ಷನ್' ಎಂದೇ ಗುರುತಿಸುತ್ತಾರೆ. ನಮ್ಮ ರಕ್ತದ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) ಸುಮಾರು 7.4. ಆ ಮಟ್ಟದಲ್ಲಿ ಫೈಬ್ರಾಯಿನ್ ಮೇಲೆ ಋಣ ವಿದ್ಯುದಂಶ ಇರುತ್ತದೆ, ಡಾಕ್ಸೊರುಬಿಸಿನ್ ಮೇಲೆ ಧನ. ಎರಡೂ ಗಟ್ಟಿಯಾಗಿ ಅಂಟಿಕೊಳ್ಳುತ್ತವೆ. ಹೀಗೆ ಔಷಧಿ ಹೊರುವ ರೇಷ್ಮೆಯನ್ನು ನ್ಯಾನೊ ಕಣ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಂಡು, ಮಾಡಿರುತ್ತಾರೆ. ಆ ಕಣವನ್ನು ಕ್ಯಾನ್ಸರ್ ಜೀವಕೋಶ ನುಂಗಿದ ಮೇಲೆ ಅದು ಹೋಗಿ ಸೇರುವುದು ಲೈಸೊಸೋಮ್ ಎಂಬ ಪುಟ್ಟ ಚೀಲಕ್ಕೆ, ಅಲ್ಲಿ ಹುಳಿ ಜಾಸ್ತಿ, ಪಿಎಚ್ 4.5ರ ಆಸುಪಾಸು. ಹುಳಿ ತಾಗಿದ್ದೇ ಫೈಬ್ರಾಯಿನ್‌ನ ಋಣ ಅಂಶ ಇಳಿಯುತ್ತದೆ, ಹಿಡಿತ ಸಡಿಲವಾಗುತ್ತದೆ, ಔಷಧಿ ಕಳಚಿಕೊಳ್ಳುತ್ತದೆ. ದಾರಿಯಲ್ಲಿ ಬಿಗಿ, ಗುರಿ ತಲುಪಿದ ಮೇಲೆ ಸಡಿಲ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ಫಿಲಿಪ್ ಸೈಬ್, ಡೇವಿಡ್ ಕಪ್ಲಾನ್ ಮತ್ತು ಜೊತೆಗಾರರು 2013ರಲ್ಲಿ ಪ್ರಕಟಿಸಿದ ಕೆಲಸ ಇದು. ನಡೆದದ್ದು ಲ್ಯಾಬಿನಲ್ಲಿ ಬೆಳೆಸಿದ ಸ್ತನ ಕ್ಯಾನ್ಸರ್ ಜೀವಕೋಶಗಳ ಮೇಲೆ. ಮನುಷ್ಯರ ಮೇಲಲ್ಲ. ಮೆಸೇಜಿನಲ್ಲಿ ಬಿಟ್ಟುಹೋಗಿರುವುದು ಈ ಒಂದು ಸಾಲು.

ಪ್ರಶ್ನೆ: ಮೈಸೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೇನೆ. ಗೂಡಿನಿಂದ ನ್ಯಾನೊ ಕಣ ಮಾಡುವುದು ಹೇಗೆ? ಪುಡಿ ಮಾಡುತ್ತಾರಾ?

ಉತ್ತರ: ಎಷ್ಟು ಅರೆದರೂ ಅಷ್ಟು ಸಣ್ಣಗೆ, ಒಂದೇ ಅಳತೆಗೆ ತರುವುದು ಕಷ್ಟ. ಈ ಕಣಗಳು ಸುಮಾರು 100 ನ್ಯಾನೊಮೀಟರ್. ಸಾವಿರದಷ್ಟು ಕಣ ಸಾಲಾಗಿ ಇಟ್ಟರೆ ಒಂದು ತಲೆಗೂದಲಿನ ದಪ್ಪ ಆದೀತು. ಹಾಗಾಗಿ ರೇಷ್ಮೆಯನ್ನು ಮೊದಲು ಪೂರ್ತಿ ಕರಗಿಸಿ, ಆಮೇಲೆ ಮತ್ತೆ ಕಣ ಕಟ್ಟಿಸುತ್ತಾರೆ.

ಮಾಡುವ ರೀತಿ ಕೇಳಿದರೆ ಅರ್ಧ ಅಡುಗೆ ಮನೆ, ಅರ್ಧ ಲ್ಯಾಬು. ಗೂಡನ್ನು ಕತ್ತರಿಯಿಂದ ಕತ್ತರಿಸಿ ಒಳಗಿನ ಪ್ಯೂಪಾ ಉದುರಿಸುತ್ತಾರೆ. ಚೂರುಗಳನ್ನು ಸೋಡಿಯಂ ಕಾರ್ಬೊನೇಟ್, ಅಂದರೆ ನಮ್ಮ ವಾಷಿಂಗ್ ಸೋಡಾ, ಲೀಟರಿಗೆ ಸುಮಾರು 2 ಗ್ರಾಂ ಹಾಕಿದ ಕುದಿಯುವ ನೀರಿನಲ್ಲಿ ಅರ್ಧ ಗಂಟೆ ಬೇಯಿಸುತ್ತಾರೆ. ಸೆರಿಸಿನ್ ನೀರಿಗೆ ಬಿಡುತ್ತದೆ. ಚೆನ್ನಾಗಿ ಜಾಲಿಸಿ, ಹಿಂಡಿ, ಒಣಗಿಸಿದರೆ ಹತ್ತಿಯಂಥ ಬಿಳಿ ನಾರು ಉಳಿಯುತ್ತದೆ. ಇದನ್ನು ಲಿಥಿಯಂ ಬ್ರೋಮೈಡ್‌ನ ಗಾಢ ದ್ರಾವಣಕ್ಕೆ, ಲೆಕ್ಕ ಬೇಕೆಂದರೆ 9.3 ಮೋಲಾರ್, ಹಾಕಿ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಾಲ್ಕು ಗಂಟೆ ಇಟ್ಟರೆ ನಾರು ಮಾಯ, ಹಳದಿ ಛಾಯೆಯ ಮಂದ ದ್ರವ ಸಿಗುತ್ತದೆ. ಉಪ್ಪು ಹೋಗಲಿ ಎಂದು ದ್ರವವನ್ನು ಡಯಾಲಿಸಿಸ್ ಚೀಲದಲ್ಲಿ ತುಂಬಿ ನೀರಿನಲ್ಲಿ ಮುಳುಗಿಸಿ, ನೀರು ಬದಲಿಸುತ್ತಾ ಒಂದೆರಡು ದಿನ ಬಿಡುತ್ತಾರೆ.

ಈಗ ನೋಡುವಂಥ ಘಟ್ಟ. ಆ ರೇಷ್ಮೆ ದ್ರವವನ್ನು ಅಸಿಟೋನ್‌ಗೆ ಹನಿ ಹನಿಯಾಗಿ ಬಿಡುತ್ತಾರೆ. ಹನಿ ಬಿದ್ದ ಕಡೆ ತಕ್ಷಣ ಬೆಳ್ಳಗಾಗುತ್ತದೆ, ನೋಡನೋಡುತ್ತಾ ಪಾತ್ರೆ ಪೂರ್ತಿ ಹಾಲಿನ ಬಣ್ಣ. ನೀರನ್ನು ಅಸಿಟೋನ್ ಎಳೆದುಕೊಂಡಾಗ ಫೈಬ್ರಾಯಿನ್ ಸರಪಳಿಗಳು ತಮ್ಮಷ್ಟಕ್ಕೇ ಮಡಚಿ ಒತ್ತಾಗಿ ಗುಂಡಾಗುತ್ತವೆ. ಅಸಿಟೋನ್ ಪಾಲು ಮುಕ್ಕಾಲಿಗಿಂತ ಕೆಳಗೆ ಇಳಿಯದ ಹಾಗೆ ನೋಡಿಕೊಳ್ಳಬೇಕು. ಆಮೇಲೆ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ತೊಳೆದು, ಕೊನೆಗೆ ಔಷಧಿಯ ದ್ರಾವಣದಲ್ಲಿ ಕಲಸಿ ಇಟ್ಟರೆ ಔಷಧಿ ಕಣಕ್ಕೆ ಹತ್ತಿಕೊಳ್ಳುತ್ತದೆ. ಡಾಕ್ಸೊರುಬಿಸಿನ್ ಆದರೆ ಬಿಳಿ ಕಣ ಕೆಂಪಗಾಗುವುದರಿಂದ ಕಣ್ಣಿಗೇ ಗೊತ್ತಾಗುತ್ತದೆ.

ಕೇಳಲು ಸುಲಭ ಅಲ್ವಾ? ತೊಡಕು ಇರುವುದು ಮೊದಲ ಹೆಜ್ಜೆಯಲ್ಲೇ. ಸೋಡಾ ನೀರಿನಲ್ಲಿ ಅರ್ಧ ಗಂಟೆಯ ಬದಲು ಒಂದು ಗಂಟೆ ಬೇಯಿಸಿದರೆ ಫೈಬ್ರಾಯಿನ್‌ನ ಉದ್ದ ಸರಪಳಿಗಳು ತುಂಡಾಗಿ ಗಿಡ್ಡವಾಗುತ್ತವೆ. ಸರಪಳಿ ಗಿಡ್ಡವಾದರೆ ಮುಂದಿನ ವರ್ತನೆಯೂ ಬದಲಾಗುತ್ತದೆ, ಎಷ್ಟು ಬೇಗ ಕರಗುತ್ತದೆ ಎಂಬುದೂ ಬದಲಾಗುತ್ತದೆ. ಸೀರೆಗೆ ಇದು ಚಿಕ್ಕ ವ್ಯತ್ಯಾಸ ಇರಬಹುದು, ರಕ್ತಕ್ಕೆ ಹಾಕುವ ಔಷಧಿಗೆ ಅಲ್ಲ. ಪ್ರತಿ ಬ್ಯಾಚೂ ಒಂದೇ ಥರ ಬರಬೇಕು ಅನ್ನುವುದು ಔಷಧಿ ಕಾನೂನಿನ ಮೊದಲ ಬೇಡಿಕೆ. ನೀವು ಈ ವಿಷಯದಲ್ಲಿ ಪ್ರಾಜೆಕ್ಟ್ ಮಾಡುವುದಾದರೆ ಹೊಸ ಔಷಧಿ ಹುಡುಕಿಕೊಂಡು ಹೋಗಬೇಡಿ, ಬೇಯಿಸುವ ಹೊತ್ತನ್ನು ಬದಲಿಸಿ ಕಣದ ಅಳತೆ ಏನಾಗುತ್ತದೆ ನೋಡಿ.

ಪ್ರಶ್ನೆ: ಬೆಂಗಳೂರಿನಿಂದ ಬರೆಯುತ್ತಿದ್ದೇನೆ. ಅಮ್ಮನಿಗೆ ಸ್ತನ ಕ್ಯಾನ್ಸರ್, ಕೆಂಪು ಇಂಜೆಕ್ಷನ್ ನಡೆಯುತ್ತಿದೆ. ವಾಂತಿ, ಕೂದಲು ಉದುರುವುದು, ಹೃದಯದ ಬಗ್ಗೆ ಬೇರೆ ಹೆದರಿಸಿದ್ದಾರೆ. 'ನ್ಯಾನೊ ಸಿಲ್ಕ್ ಥೆರಪಿ'ಯಲ್ಲಿ ಇದೇನೂ ಇರಲ್ಲ, ನಾವು ಕೊಡಿಸ್ತೀವಿ ಅಂತ ಒಬ್ಬ ಏಜೆಂಟ್ ಫೋನ್ ಮಾಡಿ ಲಕ್ಷಗಟ್ಟಲೆ ಹೇಳುತ್ತಿದ್ದಾನೆ. ಸಾಲ ಮಾಡಿಯಾದರೂ ಕೊಡಿಸಲಾ?

ಉತ್ತರ: ಬೇಡ. ಒಂದು ರೂಪಾಯಿಯನ್ನೂ ಕೊಡಬೇಡಿ. ರೇಷ್ಮೆ ನ್ಯಾನೊ ಕಣದ ಕ್ಯಾನ್ಸರ್ ಔಷಧಿ ಭಾರತದಲ್ಲಾಗಲಿ ಅಮೆರಿಕದಲ್ಲಾಗಲಿ ರೋಗಿಗಳಿಗೆ ಕೊಡಲು ಒಪ್ಪಿಗೆ ಪಡೆದಿಲ್ಲ. ಇಲ್ಲದ ಸರಕನ್ನು ಅವನು ಮಾರುತ್ತಿದ್ದಾನೆ. ಕ್ಯಾನ್ಸರ್ ವಾಸಿ ಮಾಡುತ್ತೇವೆ ಎಂದು ಔಷಧಿಯ ಜಾಹೀರಾತು ಕೊಡುವುದೇ 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯ ಪ್ರಕಾರ ಅಪರಾಧ.

'ಇದು ಪ್ರಯೋಗದ ಹಂತದಲ್ಲಿದೆ, ಅದಕ್ಕೇ ದುಡ್ಡು' ಅಂತ ಅವನು ಮಾತು ತಿರುಗಿಸಬಹುದು. ಆಗ ಸಿಟಿಆರ್‌ಐ ನೋಂದಣಿ ಸಂಖ್ಯೆ ಕೇಳಿ. ಭಾರತದಲ್ಲಿ ರೋಗಿಗಳ ಮೇಲೆ ನಡೆಯುವ ಔಷಧಿ ಪ್ರಯೋಗಗಳು ಈ ಸರ್ಕಾರಿ ಪಟ್ಟಿಯಲ್ಲಿ ನೋಂದಣಿ ಆಗಬೇಕು, 2009ರಿಂದ ಇದು ಕಡ್ಡಾಯ, ಪಟ್ಟಿ ಯಾರು ಬೇಕಾದರೂ ಇಂಟರ್ನೆಟ್‌ನಲ್ಲಿ ನೋಡಬಹುದು. ಜೊತೆಗೆ ಎಥಿಕ್ಸ್ ಕಮಿಟಿಯ ಒಪ್ಪಿಗೆ, ನಿಮಗೆ ಅರ್ಥವಾಗುವ ಭಾಷೆಯಲ್ಲಿ ಬರೆದ ಒಪ್ಪಿಗೆ ಪತ್ರ ಇರಬೇಕು. ಪ್ರಯೋಗದ ಔಷಧಿಗೆ ರೋಗಿಯ ಹತ್ತಿರ ಲಕ್ಷ ಲಕ್ಷ ಕೇಳುವ ಜಾಗ ಅಂದರೆ ಎದ್ದು ಬರಬೇಕಾದ ಜಾಗ.

ಇನ್ನು ನಿಮ್ಮ ನಿಜವಾದ ಚಿಂತೆಗೆ ಬರೋಣ. ಡಾಕ್ಸೊರುಬಿಸಿನ್ ಹೃದಯಕ್ಕೆ ಪೆಟ್ಟು ಕೊಡಬಹುದು, ಅದು ನಿಜ. ಅದಕ್ಕೇ ಒಬ್ಬರಿಗೆ ಜೀವಮಾನದಲ್ಲಿ ಒಟ್ಟು ಎಷ್ಟು ಕೊಡಬಹುದು ಅನ್ನುವುದಕ್ಕೆ ಮಿತಿ ಇದೆ, ಸಾಮಾನ್ಯವಾಗಿ ಮೈಯ ಮೇಲ್ಮೈಯ ಪ್ರತಿ ಚದರ ಮೀಟರಿಗೆ 450ರಿಂದ 550 ಮಿಲಿಗ್ರಾಂ. ಡಾಕ್ಟರು ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಲು ಹೇಳುವುದು ಸುಮ್ನೆ ಅಲ್ಲ. ಇದೇ ಔಷಧಿಯನ್ನು ಕೊಬ್ಬಿನ ಪುಟ್ಟ ಗುಳ್ಳೆಯೊಳಗೆ ತುಂಬಿದ ಇಂಜೆಕ್ಷನ್ ಒಂದಿದೆ, ಲೈಪೊಸೋಮಲ್ ಡಾಕ್ಸೊರುಬಿಸಿನ್. ಡಾಕ್ಸಿಲ್ ಎಂಬ ಹೆಸರಿನಲ್ಲಿ 1995ರಲ್ಲೇ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು, ನಮ್ಮಲ್ಲೂ ಸಿಗುತ್ತದೆ. ಪ್ಯಾಕ್ಲಿಟ್ಯಾಕ್ಸೆಲ್ ಔಷಧಿಯನ್ನು ಅಲ್ಬುಮಿನ್ ಎಂಬ ಪ್ರೋಟೀನಿಗೆ ಕಟ್ಟಿದ ಇನ್ನೊಂದು 2005ರಲ್ಲಿ ಬಂತು, ಅಬ್ರಾಕ್ಸೇನ್. ಅಂದರೆ ಪ್ರೋಟೀನ್ ಕಣದ ಮೇಲೆ ಕ್ಯಾನ್ಸರ್ ಔಷಧಿ ಹೊರಿಸುವುದು ಕನಸೇನಲ್ಲ, ಆಗಲೇ ಆಸ್ಪತ್ರೆಯಲ್ಲಿ ಇದೆ, ಆ ಪ್ರೋಟೀನ್ ರೇಷ್ಮೆ ಅಲ್ಲ ಅಷ್ಟೆ. ಅಮ್ಮನ ಸ್ಥಿತಿಗೆ ಇಂಥದ್ದು ಹೊಂದುತ್ತದಾ ಅಂತ ಅವರ ಕ್ಯಾನ್ಸರ್ ಡಾಕ್ಟರನ್ನೇ ನೇರವಾಗಿ ಕೇಳಿ. ಹೊಂದಲೇಬೇಕು ಅಂತೇನಿಲ್ಲ, ಮೊದಲ ಹಂತದ ಸ್ತನ ಕ್ಯಾನ್ಸರ್‌ಗೆ ಮಾಮೂಲಿ ಕೆಂಪು ಇಂಜೆಕ್ಷನ್ನೇ ಸರಿ ಎನ್ನಲು ಅವರಿಗೆ ಕಾರಣ ಇರುತ್ತದೆ. ವಾಂತಿಗೆ ಈಗ ಒಳ್ಳೆಯ ಮಾತ್ರೆಗಳಿವೆ. ಕೊಟ್ಟದ್ದು ಸಾಕಾಗುತ್ತಿಲ್ಲ ಅಂದರೆ ಮುಂದಿನ ಸೈಕಲ್ ತನಕ ಕಾಯದೆ ಹೇಳಿ.

ಪ್ರಶ್ನೆ: ಹುಬ್ಬಳ್ಳಿ. ಫಾರ್ಮಸಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ನ್ಯಾನೊ ಕಣ ರಕ್ತಕ್ಕೆ ಹಾಕಿದರೆ ಅದಾಗೇ ಗಡ್ಡೆಯನ್ನು ಹುಡುಕಿಕೊಂಡು ಹೋಗುತ್ತದೆ ಎಂದು ಪುಸ್ತಕಗಳು ಹೇಳುತ್ತವೆ. ವಿದ್ಯಾರ್ಥಿಗಳು ಇದನ್ನು ನಂಬಿ ಉತ್ತರ ಬರೆಯುತ್ತಾರೆ. ಎಷ್ಟು ಸರಿ?

ಉತ್ತರ: ಸ್ವಲ್ಪ ಸರಿ, ಬಹಳ ಉಬ್ಬಿಸಿದ್ದು. 1986ರಲ್ಲಿ ಜಪಾನಿನ ಮಾತ್ಸುಮುರಾ ಮತ್ತು ಮಯೆದಾ ಒಂದು ವಿಷಯ ತೋರಿಸಿಕೊಟ್ಟರು. ಗಡ್ಡೆ ಅವಸರವಸರವಾಗಿ ಕಟ್ಟಿಕೊಂಡ ರಕ್ತನಾಳಗಳು ಸೋರುತ್ತವೆ, ದೊಡ್ಡ ಅಣುಗಳು ಆ ಸಂದಿಯಿಂದ ಹೊರಬಿದ್ದು ಗಡ್ಡೆಯಲ್ಲೇ ಉಳಿದುಬಿಡುತ್ತವೆ. ಮುಂದಿನ ಮೂವತ್ತು ವರ್ಷ ನ್ಯಾನೊ ಔಷಧಿಯ ಕನಸೆಲ್ಲ ನಿಂತದ್ದು ಇದರ ಮೇಲೆ. ಕಣ ಎಲ್ಲೂ ಹುಡುಕುವುದಿಲ್ಲ, ರಕ್ತದ ಜೊತೆ ಸುತ್ತುತ್ತದೆ, ಸೋರುವ ಕಡೆ ಸೋರುತ್ತದೆ.

2016ರಲ್ಲಿ ಟೊರಾಂಟೊದ ವಾರೆನ್ ಚಾನ್ ತಂಡ ಅದುವರೆಗಿನ ಹತ್ತು ವರ್ಷದ ಪ್ರಾಣಿ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ಲೆಕ್ಕ ತೆಗೆಯಿತು. ಇಂಜೆಕ್ಟ್ ಮಾಡಿದ ಕಣಗಳಲ್ಲಿ ಗಡ್ಡೆ ತಲುಪುವುದು ಎಷ್ಟು? ಮಧ್ಯಾಂಕ ಬರೀ 0.7 ಶೇಕಡಾ. ನೂರರಲ್ಲಿ ಒಂದೂ ಪೂರ್ತಿ ಇಲ್ಲ. ಉಳಿದದ್ದರಲ್ಲಿ ದೊಡ್ಡ ಪಾಲು ಲಿವರು, ಗುಲ್ಮದ ಪಾಲು. ಹೊರಗಿನ ಕಣವನ್ನು ಹಿಡಿದು ನುಂಗುವುದೇ ಅಲ್ಲಿನ ಜೀವಕೋಶಗಳ ಉದ್ಯೋಗ, ಅದು ರೇಷ್ಮೆಯೋ ಚಿನ್ನವೋ ಅಂತ ಅವು ವಿಚಾರಿಸುವುದಿಲ್ಲ. ಈ ಲೆಕ್ಕದ ಬಗ್ಗೆ ಆಮೇಲೆ ವಾದವೂ ನಡೆಯಿತು, ಅಳೆಯುವ ರೀತಿ ಬೇರೆ ಇರಬೇಕಿತ್ತು ಎಂದವರಿದ್ದಾರೆ. ಆದರೂ ವಿದ್ಯಾರ್ಥಿಗಳಿಗೆ ಈ ಅಂಕಿ ಹೇಳದೆ ನ್ಯಾನೊ ಪಾಠ ಮುಗಿಸಬಾರದು ಎಂಬುದು ನನ್ನ ಅಭಿಪ್ರಾಯ.

ಡಾಕ್ಸಿಲ್ ಕಲಿಸಿದ ಪಾಠವೂ ಇದೇ. ಹರಡಿದ ಸ್ತನ ಕ್ಯಾನ್ಸರ್‌ನಲ್ಲಿ ಮಾಮೂಲಿ ಡಾಕ್ಸೊರುಬಿಸಿನ್ ಜೊತೆ ಹೋಲಿಸಿದಾಗ ರೋಗ ತಡೆಯುವುದರಲ್ಲಿ ಎರಡೂ ಸರಿಸುಮಾರು ಸಮ. ಗೆದ್ದದ್ದು ಹೃದಯದ ವಿಷಯದಲ್ಲಿ, ಪೆಟ್ಟು ಬಹಳ ಕಡಿಮೆಯಾಯಿತು. ಆದರೆ ಅಂಗೈ, ಅಂಗಾಲು ಕೆಂಪಾಗಿ ಸುಲಿಯುವ ಹೊಸ ತೊಂದರೆ ಜೊತೆಗೆ ಬಂತು. ರೇಷ್ಮೆಯಿಂದಲೂ ಮೊದಲು ಸಿಗಬಹುದಾದ ಲಾಭ ಈ ಥರದ್ದೇ ಎಂದು ಕಾಣುತ್ತದೆ, ಪವಾಡ ಅಲ್ಲ, ಕೀಮೋ ತಡೆದುಕೊಳ್ಳುವುದು ಒಂದಿಷ್ಟು ಸುಲಭವಾಗುವುದು.

ಕಣಕ್ಕೆ ವಿಳಾಸ ಕೊಡುವ ಪ್ರಯತ್ನವೂ ನಡೆದಿದೆ. ಪೋಲೆಂಡಿನ ಪೊಜ್ನಾನ್‌ನಲ್ಲಿ ಹನ್ನಾ ಡಾಮ್ಸ್-ಕೊಜ್ಲೊವ್‌ಸ್ಕಾ ಅವರ ತಂಡ ಜೇಡನ ರೇಷ್ಮೆಯ ಪ್ರೋಟೀನನ್ನು ಬ್ಯಾಕ್ಟೀರಿಯಾದಲ್ಲಿ ತಯಾರಿಸಿ, ಅದರ ತುದಿಗೆ ಹರ್2 ಗುರುತನ್ನು (ಕೆಲವು ಕ್ಯಾನ್ಸರ್ ಜೀವಕೋಶಗಳ ಮೈಮೇಲೆ ಜಾಸ್ತಿ ಇರುವ ಪ್ರೋಟೀನ್) ಹಿಡಿದುಕೊಳ್ಳುವ ಚಿಕ್ಕ ತುಣುಕು ಸೇರಿಸಿದೆ. ಹರ್2 ಜಾಸ್ತಿ ಇರುವ ಕ್ಯಾನ್ಸರ್ ಜೀವಕೋಶಗಳು ಆ ಪ್ರೋಟೀನಿನಿಂದ ಮಾಡಿದ ಪುಟ್ಟ ಗೋಲಿಗಳನ್ನು ಚೆನ್ನಾಗಿ ಒಳಗೆ ಎಳೆದುಕೊಂಡವು. ಚೆನ್ನಾಗಿದೆ. ಆದರೆ ವಿಳಾಸ ಗೊತ್ತಿದ್ದರೂ ಲಿವರಿನ ದಾರಿ ತಪ್ಪಿಸಿಕೊಂಡು ಹೋಗಬೇಕಲ್ಲ.

ಪ್ರಶ್ನೆ: ಧಾರವಾಡ. ರಕ್ತಕ್ಕೆ ಬಿಡುವ ಬದಲು ಗಡ್ಡೆಯ ಪಕ್ಕದಲ್ಲೇ ಔಷಧಿ ಇಟ್ಟುಬಿಟ್ಟರೆ ಆಗದೇನ್ರಿ? ನಮ್ಮ ದೇಶದಾಗ ಯಾರರ ಈ ಕೆಲಸ ಮಾಡಾಕತ್ತಾರೇನು?

ಉತ್ತರ: ಆಗುತ್ತದೆ, ಮತ್ತು ರೇಷ್ಮೆಗೆ ನಿಜವಾಗಿ ಒಪ್ಪುವ ಕೆಲಸ ಅದೇ ಎಂದು ನನಗೆ ಅನಿಸುತ್ತದೆ. ಕಣದ ಸುದ್ದಿಗೆ ಇರುವ ಥಳಕು ಇದಕ್ಕಿಲ್ಲ, ಅದಕ್ಕೇ ವಾಟ್ಸಾಪ್‌ನಲ್ಲಿ ಇದು ಬರುವುದಿಲ್ಲ.

ಕರಗಿಸಿದ ರೇಷ್ಮೆಯನ್ನು ತಟ್ಟೆಯಲ್ಲಿ ಒಣಗಿಸಿದರೆ ಪಾರದರ್ಶಕ ಹಾಳೆ ಆಗುತ್ತದೆ. ಅಲ್ಟ್ರಾಸೌಂಡ್ ಅಲೆ ಕೊಟ್ಟು ಬಿಟ್ಟರೆ ಜೆಲ್ ಆಗಿ ಗಟ್ಟಿಯಾಗುತ್ತದೆ. ಎರಡರೊಳಗೂ ಔಷಧಿ ಸೇರಿಸಬಹುದು. ರೇಷ್ಮೆ ಪ್ರೋಟೀನ್ ಎಷ್ಟು ಒತ್ತಾಗಿ ಮಡಚಿಕೊಂಡಿದೆ ಎಂಬುದನ್ನು ಹೆಚ್ಚು ಕಡಿಮೆ ಮಾಡಿದರೆ ಔಷಧಿ ಎಷ್ಟು ದಿನ ಸೋರಬೇಕು ಎಂಬುದೂ ನಮ್ಮ ಕೈಯಲ್ಲಿರುತ್ತದೆ. ಸೈಬ್ ಮತ್ತು ಕಪ್ಲಾನ್ 2012ರಲ್ಲಿ ಡಾಕ್ಸೊರುಬಿಸಿನ್ ತುಂಬಿದ ರೇಷ್ಮೆ ಹಾಳೆಯನ್ನು ಸ್ತನ ಕ್ಯಾನ್ಸರ್ ಇರುವ ಇಲಿಗಳಲ್ಲಿ ಗಡ್ಡೆಯ ಬಳಿ ಇಟ್ಟು ನೋಡಿದರು. ಅಷ್ಟೇ ಔಷಧಿಯನ್ನು ರಕ್ತಕ್ಕೆ ಕೊಟ್ಟ ಇಲಿಗಳಿಗಿಂತ ಹಾಳೆ ಇಟ್ಟವುಗಳಲ್ಲಿ ಗಡ್ಡೆ ಹೆಚ್ಚು ಹತೋಟಿಗೆ ಬಂತು. ಮಕ್ಕಳಲ್ಲಿ ಬರುವ ನ್ಯೂರೊಬ್ಲಾಸ್ಟೊಮಾ ಎಂಬ ಗಡ್ಡೆಗೂ ಇದೇ ದಾರಿಯಲ್ಲಿ ಇಲಿಗಳ ಮೇಲೆ ಕೆಲಸ ನಡೆದಿದೆ. ಆಪರೇಷನ್ ಮಾಡಿ ಗಡ್ಡೆ ತೆಗೆದ ಜಾಗದಲ್ಲಿ ಒಂದು ಹಾಳೆ ಇಟ್ಟು ಹೊಲಿದುಬಿಟ್ಟರೆ, ಅಲ್ಲಿ ಉಳಿದಿರಬಹುದಾದ ಒಂದೆರಡು ಜೀವಕೋಶಗಳನ್ನು ಔಷಧಿ ನೋಡಿಕೊಳ್ಳುತ್ತದೆ, ರೇಷ್ಮೆ ನಿಧಾನಕ್ಕೆ ಕರಗಿಹೋಗುತ್ತದೆ, ಹೊರತೆಗೆಯಲು ಇನ್ನೊಂದು ಆಪರೇಷನ್ ಬೇಡ. ಯೋಚನೆ ಇದು. ರೇಷ್ಮೆಯದ್ದಲ್ಲದ, ಬೇರೆ ಪಾಲಿಮರಿನ ಇಂಥ ಬಿಲ್ಲೆ ಮೆದುಳಿನ ಗಡ್ಡೆಗೆ 1996ರಿಂದಲೇ ಅಮೆರಿಕದಲ್ಲಿ ಬಳಕೆಯಲ್ಲಿದೆ, ಗ್ಲಿಯಾಡೆಲ್ ಎಂದು ಹೆಸರು. ಹಾಗಾಗಿ ದಾರಿ ಪೂರ್ತಿ ಹೊಸದಲ್ಲ. ಆದರೆ ರೋಗ ಆಗಲೇ ಮೂಳೆ, ಶ್ವಾಸಕೋಶಕ್ಕೆ ಹರಡಿದ್ದರೆ ಒಂದು ಕಡೆ ಇಟ್ಟ ಹಾಳೆಯಿಂದ ಪ್ರಯೋಜನ ಕಡಿಮೆ, ಆಗ ರಕ್ತದ ದಾರಿಯೇ ಬೇಕು.

ನಮ್ಮ ದೇಶದಲ್ಲಿ ಈ ಕೆಲಸ ಬಹಳ ಗಟ್ಟಿಯಾಗಿ ನಡೆದಿದೆ. ಐಐಟಿ ಖರಗ್‌ಪುರದಲ್ಲಿ ಸುಭಾಸ್ ಕುಂಡು ಅವರ ತಂಡ ವರ್ಷಗಟ್ಟಲೆ ಟಸಾರ್ ಎಂಬ ಕಾಡು ರೇಷ್ಮೆ ಹಿಡಿದು ಕೂತಿತ್ತು. ಅಲ್ಲೇ ಕಲಿತ ಬಿಮನ್ ಮಂಡಲ್ ಈಗ ಐಐಟಿ ಗುವಾಹಟಿಯಲ್ಲಿ ಮೂಗಾ, ಎರಿ ರೇಷ್ಮೆಗಳ ಮೇಲೂ ಕೆಲಸ ಮಾಡುತ್ತಾರೆ. ಇವರಿಬ್ಬರೂ ಸೇರಿ 2009ರಲ್ಲಿ ಸೆರಿಸಿನ್‌ನಿಂದ ನ್ಯಾನೊ ಕಣ ಮಾಡಿ ತೋರಿಸಿದರು, ಅದು ನೀರಿನಲ್ಲಿ ಕರಗುವ ಔಷಧಿ, ಕರಗದ ಔಷಧಿ ಎರಡನ್ನೂ ಹೊರುತ್ತದೆ. ಟಸಾರ್, ಮೂಗಾ ರೇಷ್ಮೆಯಲ್ಲಿ ಆರ್‌ಜಿಡಿ ಎಂಬ ಮೂರು ಅಮೈನೊ ಆಮ್ಲಗಳ ತುಣುಕು ಇರುತ್ತದೆ, ಜೀವಕೋಶಗಳು ಕಚ್ಚಿಕೊಳ್ಳಲು ಇದೊಂದು ಹಿಡಿ. ನಮ್ಮ ಹಿಪ್ಪುನೇರಳೆ ರೇಷ್ಮೆಯಲ್ಲಿ ಅದಿಲ್ಲ. ಸಿಗುವುದಕ್ಕೂ ಕರಗಿಸುವುದಕ್ಕೂ ಸುಲಭ ಹಿಪ್ಪುನೇರಳೆ ರೇಷ್ಮೆಯೇ, ಅದಕ್ಕೇ ಜಗತ್ತಿನ ಹೆಚ್ಚಿನ ಲ್ಯಾಬುಗಳು ಅದನ್ನು ಬಿಟ್ಟಿಲ್ಲ.

ಪ್ರಶ್ನೆ: ರಾಮನಗರದಲ್ಲಿ ರೀಲಿಂಗ್ ಮಾಡ್ತೀವಿ. ಇದೆಲ್ಲ ಬಂದರೆ ಗೂಡಿಗೆ ರೇಟು ಏರುತ್ತಾ? ಗೂಡು ಬೇಯಿಸಿದ ನೀರು ದಿನಾ ಚರಂಡಿಗೆ ಬಿಡ್ತೀವಿ, ಅದರಲ್ಲೂ ದುಡ್ಡಿದೆ ಅಂತಾರಲ್ಲ?

ಉತ್ತರ: ಔಷಧಿಯಿಂದ ಗೂಡಿನ ರೇಟು ಏರುತ್ತದೆ ಎಂದು ಕಾಯಬೇಡಿ. ಕೀಮೋ ಔಷಧಿಯ ಲೆಕ್ಕ ಮಿಲಿಗ್ರಾಂನಲ್ಲಿ, ಅದನ್ನು ಹೊರುವ ರೇಷ್ಮೆಯೂ ಅದೇ ಅಂದಾಜಿನದು. ನಿಮ್ಮ ಮಾರುಕಟ್ಟೆಗೆ ಗೂಡು ಬರುವುದು ಟನ್‌ಗಟ್ಟಲೆ. ನಾಳೆಯೇ ಔಷಧಿ ಬಂದರೂ ಹರಾಜಿನಲ್ಲಿ ಅದರ ಸದ್ದು ಕೇಳುವುದಿಲ್ಲ.

ಅಲ್ಲದೆ ಔಷಧಿ ಕಂಪನಿಗೆ ಬೇಕಾದ ಗೂಡು ಬೇರೆ ಥರ. ಯಾವ ತಳಿ, ಯಾವ ಮನೆಯಲ್ಲಿ ಸಾಕಿದ್ದು, ಸೊಪ್ಪಿಗೆ ಏನು ಹೊಡೆದಿದ್ದರು, ಹುಳುವಿನ ಮೇಲೆ ರೋಗ ತಡೆಯುವ ವಿಜೇತ ಪುಡಿ ಎಷ್ಟು ಸಲ ಉದುರಿಸಿದರು, ಮನೆ ತೊಳೆಯಲು ಬ್ಲೀಚಿಂಗ್ ಪೌಡರೋ ಫಾರ್ಮಲಿನ್ನೋ, ಎಲ್ಲಕ್ಕೂ ದಾಖಲೆ ಕೇಳುತ್ತಾರೆ. ಇಂದು ಸಿಬಿ (ಮಿಶ್ರ ತಳಿ) ಗೂಡು, ನಾಳೆ ಬೈವೋಲ್ಟೈನ್ ತಳಿ ಅಂತ ಕಲಸಿ ಕೊಡಲು ಆಗುವುದಿಲ್ಲ. ಒಂದು ಅನುಕೂಲ ಮಾತ್ರ ಇದೆ. ಕರಗಿಸುವವರಿಗೆ ಎಳೆ ಉದ್ದ ಬೇಕಿಲ್ಲ. ನಿಮಗೆ ನೂಲು ಬಿಚ್ಚಲು ಬಾರದ ತೂತು ಗೂಡು, ಕತ್ತರಿಸಿದ ಗೂಡು ಅವರಿಗೆ ಆಗುತ್ತದೆ, ಕೊಳೆ, ಕಲೆ ಇಲ್ಲದಿದ್ದರೆ ಸಾಕು.

ಬೇಯಿಸಿದ ನೀರಿನ ಮಾತು ಬೇರೆ. ಅದರಲ್ಲಿ ಸೆರಿಸಿನ್ ಇರುವುದು ನಿಜ. ಚರ್ಮದ ಕ್ರೀಮು, ಕೂದಲಿನ ಶಾಂಪೂಗಳಿಗೆ ಸೆರಿಸಿನ್ ಬಳಸುತ್ತಾರೆ. ಆದರೆ ನಿಮ್ಮ ತೊಟ್ಟಿಯ ನೀರಿನಲ್ಲಿ ಪ್ಯೂಪಾದ ಎಣ್ಣೆ, ಕೊಳೆ ಎಲ್ಲ ಬೆರೆತಿರುತ್ತದೆ. ತೆಳುವಾದ ಆ ನೀರಿನಿಂದ ಸೆರಿಸಿನ್ ತೆಗೆದು ಶುದ್ಧ ಮಾಡುವ ಖರ್ಚು ಒಬ್ಬ ರೀಲರ್ ಕೈಗೆ ಎಟುಕುವುದಲ್ಲ. ಊರಿನ ಘಟಕಗಳು ಸೇರಿ ಒಂದು ಕಡೆ ಮಾಡಿದರೆ ಲೆಕ್ಕ ಹಾಕಿ ನೋಡಬಹುದು. ಬೆಂಗಳೂರಿನ ಕೇಂದ್ರ ರೇಷ್ಮೆ ಮಂಡಳಿ ಅಥವಾ ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ ವಿಚಾರಿಸಿ. ಮಧ್ಯೆ ಬರುವ ದಲ್ಲಾಳಿ ಮಾತು ಕೇಳಿ ಯಂತ್ರ ತಂದು ಕೂರಿಸಬೇಡಿ.

ಪ್ರಶ್ನೆ: ದಾವಣಗೆರೆ. ರೇಷ್ಮೆ ಸೀರೆ ಉಟ್ಟರೆ, ರೇಷ್ಮೆ ಪುಡಿ ತಿಂದರೆ ಕ್ಯಾನ್ಸರ್ ಬರಲ್ವಂತೆ. ಅರಿಶಿನದ ಜೊತೆ ಸೇರಿಸಿದರೆ ಇನ್ನೂ ಒಳ್ಳೇದಂತೆ. ನೈಸರ್ಗಿಕ ಅಂದ ಮೇಲೆ ತೊಂದರೆ ಏನಿಲ್ಲ ಅಲ್ವಾ?

ಉತ್ತರ: ಸೀರೆ ಉಡಿ, ಚೆನ್ನಾಗಿ ಕಾಣುತ್ತೀರಿ. ಕ್ಯಾನ್ಸರ್‌ಗೂ ಅದಕ್ಕೂ ಸಂಬಂಧ ಇಲ್ಲ. ಪುಡಿ ತಿಂದರೆ ಅದು ಹೊಟ್ಟೆಗೆ ಒಂದಿಷ್ಟು ಪ್ರೋಟೀನ್, ಅಷ್ಟೆ.

ಅರಿಶಿನದ ಸುದ್ದಿಗೆ ಮೂಲ ಇದೆ. 2009ರಲ್ಲಿ ಅಮೆರಿಕದ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದ ಸಂಶೋಧಕರು ಅರಿಶಿನದ ಕರ್ಕ್ಯುಮಿನ್ ಅಂಶವನ್ನು ರೇಷ್ಮೆ ಕಣಕ್ಕೆ ತುಂಬಿ ಸ್ತನ ಕ್ಯಾನ್ಸರ್ ಜೀವಕೋಶಗಳ ಮೇಲೆ ಪರೀಕ್ಷಿಸಿದ್ದರು. ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ, ತಿಂದರೆ ರಕ್ತಕ್ಕೆ ಸೇರುವುದು ಬಹಳ ಕಡಿಮೆ, ಆ ತೊಂದರೆಗೆ ಒಂದು ದಾರಿ ಹುಡುಕಿದ್ದು ಅದು. ಅಡುಗೆಯ ಅರಿಶಿನಕ್ಕೂ ಅದಕ್ಕೂ ಬಹಳ ದೂರ.

'ನೈಸರ್ಗಿಕ, ಹಾಗಾಗಿ ತೊಂದರೆ ಇಲ್ಲ' ಎನ್ನುವುದನ್ನು ಮಾತ್ರ ದಯವಿಟ್ಟು ಬಿಡಿ. ಹೃದಯಕ್ಕೆ ಪೆಟ್ಟು ಕೊಡುವ ಆ ಕೆಂಪು ಇಂಜೆಕ್ಷನ್ ಕೂಡ ನೈಸರ್ಗಿಕವೇ, ಮಣ್ಣಿನ ಬ್ಯಾಕ್ಟೀರಿಯಾದಿಂದ ಬಂದದ್ದು. ವಿನ್‌ಕ್ರಿಸ್ಟಿನ್ ಎಂಬ ಕೀಮೋ ಔಷಧಿ ನಮ್ಮ ಅಂಗಳದ ಕಾಶಿ ಕಣಗಿಲೆ ಗಿಡದ್ದು, ಅದು ನರಗಳಿಗೆ ತೊಂದರೆ ಕೊಡುತ್ತದೆ.

ಪ್ರಶ್ನೆ: ಮೂಡುಬಿದಿರೆ. ನಾವು ಜೈನರು. ಹುಳು ಕೊಂದು ಮಾಡಿದ ಔಷಧಿ ಅಂದರೆ ಮನೆಯ ಹಿರಿಯರು ಒಪ್ಪುವುದು ಕಷ್ಟ. ಬೇರೆ ದಾರಿ ಇದೆಯೇ?

ಉತ್ತರ: ಇದೆ. ಮೇಲೆ ಹೇಳಿದ ಹಾಗೆ ಪತಂಗ ಹೊರಹೋದ ಮೇಲಿನ ತೂತು ಗೂಡನ್ನೂ ಕರಗಿಸಬಹುದು. ಇನ್ನೊಂದು, ಹುಳುವೇ ಬೇಡದ ದಾರಿ. ಜರ್ಮನಿಯ ಬೈರಾಯ್ಟ್‌ನಲ್ಲಿ ಥಾಮಸ್ ಶೈಬೆಲ್ ಜೇಡನ ರೇಷ್ಮೆಯ ಪ್ರೋಟೀನನ್ನು ಬ್ಯಾಕ್ಟೀರಿಯಾಗಳಿಂದ ಮಾಡಿಸುತ್ತಾರೆ. ಆ ರೇಷ್ಮೆಯ ಕಣಗಳಲ್ಲಿ ಲಸಿಕೆಯ ತುಣುಕು ತುಂಬಿ, ರೋಗನಿರೋಧಕ ಜೀವಕೋಶಗಳ ಒಳಗೇ ತಲುಪಿಸಬಹುದು ಎಂದು 2018ರಲ್ಲಿ ಜಿನೀವಾ ವಿಶ್ವವಿದ್ಯಾಲಯದವರು ಅವರ ಜೊತೆ ಸೇರಿ ಇಲಿಗಳಲ್ಲಿ ತೋರಿಸಿದರು. ಕ್ಯಾನ್ಸರ್ ಲಸಿಕೆಗೆ ಇದು ನೆರವಾಗಬಹುದು ಎಂಬ ಲೆಕ್ಕಾಚಾರ. ಔಷಧಿಯಾಗಿ ಬರುವಾಗ ಯಾವುದು ಬರುತ್ತದೋ, ಈಗಂತೂ ಎರಡೂ ಇಲ್ಲ, ಹಿರಿಯರ ಜೊತೆ ಜಗಳ ಮಾಡಬೇಕಾಗಿಲ್ಲ.

ಪ್ರಶ್ನೆ: ತುಮಕೂರು. ನನ್ನ ಆಪರೇಷನ್‌ನಲ್ಲಿ ರೇಷ್ಮೆ ದಾರದ ಹೊಲಿಗೆ ಹಾಕಿದ್ದಾರೆ. ಅದರಿಂದಲೂ ಕ್ಯಾನ್ಸರ್‌ಗೆ ಉಪಯೋಗ ಆಗುತ್ತಾ? ಬಿಚ್ಚಿಸಬೇಕಾ, ತಾನೇ ಕರಗುತ್ತಾ?

ಉತ್ತರ: ಆ ದಾರದಲ್ಲಿ ಔಷಧಿ ಇಲ್ಲ, ಗಾಯ ಹಿಡಿದಿಡುವುದಷ್ಟೇ ಅದರ ಕೆಲಸ. ಔಷಧಿ ಪುಸ್ತಕದ ಪ್ರಕಾರ ರೇಷ್ಮೆ 'ಕರಗದ ದಾರ'ಗಳ ಪಟ್ಟಿಯಲ್ಲಿದೆ. ನಿಜವಾಗಿ ನೋಡಿದರೆ ಮೈಯೊಳಗೆ ಅದು ನಿಧಾನಕ್ಕೆ ಬಲ ಕಳೆದುಕೊಳ್ಳುತ್ತದೆ, ವರ್ಷ ಹತ್ತಿರವಾಗುವಷ್ಟರಲ್ಲಿ ಗಟ್ಟಿತನದ ಹೆಚ್ಚಿನ ಪಾಲು ಹೋಗಿರುತ್ತದೆ. ಒಳಗಿನ ಹೊಲಿಗೆ ಹಾಗೇ ಇರಲಿ, ಚರ್ಮದ ಮೇಲಿನದನ್ನು ಡಾಕ್ಟರು ಹೇಳಿದ ದಿನ ಹೋಗಿ ಬಿಚ್ಚಿಸಿ. ಹೊಲಿಗೆಯ ಸುತ್ತ ಕೆಂಪಾಗಿ ಊದಿದರೆ, ಕೀವು ಕಂಡರೆ ಆ ದಿನದ ತನಕ ಕಾಯಬೇಡಿ. ನಿಮಗೆ ಕೀಮೋ ಕೂಡ ಶುರು ಆಗಿದ್ದರೆ ಮನೆಯಲ್ಲಿ ಥರ್ಮಾಮೀಟರ್ ಇಟ್ಟುಕೊಳ್ಳಿ, ಜ್ವರ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಮಾತ್ರೆ ನುಂಗಿ ಮಲಗಬೇಡಿ, ರಾತ್ರಿ ಎಷ್ಟು ಹೊತ್ತಾಗಿದ್ದರೂ ಆಸ್ಪತ್ರೆಗೆ ಹೋಗಿ.